ಕ್ಯಾಲ್ಸಿಯಂ ಇಳಿದ ಮೇಲೂ ರಕ್ತನಾಳದ ಬಿಗಿತ ಇಳಿಯುವುದಿಲ್ಲವೇಕೆ?

ಪ್ರಶ್ನೆ: ಶರೀರಕ್ರಿಯಾಶಾಸ್ತ್ರದ ಬೋಧಕಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ವಿದ್ಯಾರ್ಥಿನಿಯರು ನಮ್ಮಲ್ಲಿ ಹೆಚ್ಚು. ಆದ್ದರಿಂದ ಪ್ರತಿಯೊಂದು ಅಧ್ಯಾಯಕ್ಕೂ ಕನ್ನಡದಲ್ಲಿ ಒಂದೆರಡು ಪುಟದ ಟಿಪ್ಪಣಿ ಬರೆದುಕೊಡುವ ರೂಢಿ ಇಟ್ಟುಕೊಂಡಿದ್ದೇನೆ. ಈ ವಾರ ರಕ್ತನಾಳ, ಗರ್ಭಕೋಶದಂಥ ಒಳ ಅಂಗಗಳ ಗೋಡೆಯಲ್ಲಿರುವ ಮೃದು ಸ್ನಾಯುವಿನ ಟಿಪ್ಪಣಿ ಬರೆಯಲು ಕುಳಿತವಳು ಅರ್ಧಕ್ಕೆ ನಿಂತಿದ್ದೇನೆ.

ಎಲುಬಿಗೆ ಅಂಟಿದ ಸ್ನಾಯುವಿನ ಪಾಠ ತೊಡಕಿಲ್ಲದೆ ಮುಗಿಯುತ್ತದೆ. ಕ್ಯಾಲ್ಸಿಯಂ ಬಂದು ಅಲ್ಲಿನ ಪ್ರೋಟೀನಾದ ಟ್ರೋಪೋನಿನ್‌ಗೆ ಕೂಡುತ್ತದೆ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಯನ್ನು ಮುಚ್ಚಿದ್ದ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಆಕ್ಟಿನ್ ಎಳೆಯ ಮೇಲೆ ತೆರವಾದ ಜಾಗವನ್ನು ಮಯೋಸಿನ್ ತಲೆಗಳು ಹಿಡಿದು ಎಳೆಯುತ್ತವೆ. ಕ್ಯಾಲ್ಸಿಯಂ ತನ್ನ ಚೀಲಕ್ಕೆ ಮರಳಿದೊಡನೆ ಎಲ್ಲವೂ ಸಡಿಲವಾಗುತ್ತದೆ. ಮೃದು ಸ್ನಾಯುವಿನಲ್ಲಿ ಟ್ರೋಪೋನಿನ್ ಇಲ್ಲ. ಅಲ್ಲಿ ಕ್ಯಾಲ್ಸಿಯಂ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಕೂಡಿ, ಆ ಜೋಡಿ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು ಎಚ್ಚರಿಸಿ, ಆ ಕಿಣ್ವವು ಮಯೋಸಿನ್ನಿನ ಒಂದು ಸಣ್ಣ ಸರಪಳಿಗೆ ಫಾಸ್ಫೇಟ್ ಅಂಟಿಸಿದ ಮೇಲೆಯೇ ಎಳೆತ ಆರಂಭವಾಗುತ್ತದೆ. ಇಲ್ಲಿಯವರೆಗೆ ನನಗೂ ತಿಳಿದಿದೆ, ಮಕ್ಕಳಿಗೂ ತಿಳಿಯಿತು.

ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ‘ಮೇಡಂ, ಪುಸ್ತಕದ ಚಿತ್ರದಲ್ಲಿ ಕ್ಯಾಲ್ಸಿಯಂ ಗೆರೆ ಮೇಲೇರಿ ಸ್ವಲ್ಪ ಹೊತ್ತಿನಲ್ಲಿಯೇ ಕೆಳಗೆ ಬಂದಿದೆ, ಬಿಗಿತದ ಗೆರೆ ಮಾತ್ರ ಮೇಲೆಯೇ ಉಳಿದಿದೆ, ಕೀಲಿ ತೆಗೆದ ಮೇಲೂ ಗಾಡಿ ಓಡುವುದು ಹೇಗೆ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ರಕ್ತನಾಳ, ಗರ್ಭಕೋಶ, ಮೂತ್ರಕೋಶದ ಬಾಯಿ ಇವೆಲ್ಲ ಗಂಟೆಗಟ್ಟಲೆ ಬಿಗಿದುಕೊಂಡಿರುವುದು ನಮಗೆಲ್ಲ ಗೊತ್ತು. ಕ್ಯಾಲ್ಸಿಯಂ ಇಳಿದ ಮೇಲೆ ಆ ಬಿಗಿತವನ್ನು ಹಿಡಿದಿಡುವವರು ಯಾರು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಔಷಧಶಾಸ್ತ್ರ ಶಿಕ್ಷಕ, ಬೆಳಗಾವಿ

ಮೇಡಂ, ತಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಸಂಶೋಧಕರೂ ಬಹಳ ವರ್ಷ ಕೇಳಿಕೊಂಡಿದ್ದಾರೆ. ಉತ್ತರಕ್ಕೆ ಮೊದಲು ಚಿತ್ರವನ್ನೇ ಇನ್ನೊಮ್ಮೆ ನೋಡುವುದು ಒಳ್ಳೆಯದು. ಕ್ಯಾಲ್ಸಿಯಂ ಗೆರೆ ಕೆಳಗೆ ಬರುತ್ತದೆಯೇ ಹೊರತು ನೆಲ ಮುಟ್ಟುವುದಿಲ್ಲ. ವಿಶ್ರಾಂತ ಜೀವಕೋಶದಲ್ಲಿ ಮುಕ್ತ ಕ್ಯಾಲ್ಸಿಯಂ ಸುಮಾರು 0.1 ಮೈಕ್ರೋಮೋಲಾರ್ ಇರುತ್ತದೆ. ಉದ್ದೀಪನೆಯಾದಾಗ ಅದು ಹಲವು ಪಟ್ಟು ಏರಿ, ಆಮೇಲೆ ಇಳಿದು, ವಿಶ್ರಾಂತ ಮಟ್ಟಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಕೀಲಿಯನ್ನು ಪೂರ್ತಿ ತೆಗೆದಿಲ್ಲ, ಅರ್ಧ ತಿರುಗಿಸಿಟ್ಟಿದ್ದಾರೆ ಎಂದು ಆ ಹುಡುಗಿಗೆ ಹೇಳಬಹುದು. ಇಷ್ಟರಿಂದ ಅವಳು ಸುಮ್ಮನಾಗಬಾರದು, ಏಕೆಂದರೆ ಅಷ್ಟು ಕಡಿಮೆ ಕ್ಯಾಲ್ಸಿಯಂನಲ್ಲಿ ಅಷ್ಟೊಂದು ಬಿಗಿತ ಹೇಗೆಂಬುದು ಇನ್ನೂ ಉಳಿದೇ ಇರುತ್ತದೆ.

ನಮ್ಮ ಪಾಠಗಳ ದೋಷವೆಂದರೆ ಫಾಸ್ಫೇಟ್ ಅಂಟಿಸುವ ಕೈಯನ್ನು ವಿವರವಾಗಿ ಹೇಳಿ, ಅದನ್ನು ಕೀಳುವ ಕೈಯನ್ನು ಒಂದು ಸಾಲಿನಲ್ಲಿ ಮುಗಿಸುವುದು. ಕೀಳುವ ಕಿಣ್ವದ ಹೆಸರು ಮಯೋಸಿನ್ ಫಾಸ್ಫಟೇಸ್. ಅಂಟಿಸುವ ಕೈನೇಸ್ ಮತ್ತು ಕೀಳುವ ಫಾಸ್ಫಟೇಸ್ ಎರಡೂ ಒಂದೇ ಸಮಯದಲ್ಲಿ ಕೆಲಸ ಮಾಡುತ್ತಿರುತ್ತವೆ. ಯಾವ ಕ್ಷಣದಲ್ಲಿ ಎಷ್ಟು ಮಯೋಸಿನ್ ತಲೆಗಳ ಮೇಲೆ ಫಾಸ್ಫೇಟ್ ಇದೆಯೆಂಬುದು ಇವೆರಡರ ವೇಗಗಳ ನಡುವಿನ ಲೆಕ್ಕ. ನಮ್ಮ ಭಾಗದವರಿಗೆ ಇದನ್ನು ವಿವರಿಸಲು ಆಲಮಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಳೆಗಾಲದಲ್ಲಿ ಪತ್ರಿಕೆ ದಿನವೂ ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಬರೆಯುತ್ತದೆ. ಮಹಾರಾಷ್ಟ್ರದ ಕಡೆ ಮಳೆ ನಿಂತು ಒಳಹರಿವು ಕಡಿಮೆಯಾಗಿದ್ದರೂ, 26 ಗೇಟುಗಳನ್ನು ಇಳಿಸಿಬಿಟ್ಟರೆ ನೀರಿನ ಮಟ್ಟ 519.60 ಮೀಟರಿನ ಹತ್ತಿರವೇ ನಿಲ್ಲುತ್ತದೆ. ಕ್ಯಾಲ್ಸಿಯಂ ಒಳಹರಿವನ್ನು ನಿರ್ಧರಿಸುತ್ತದೆ. ಗೇಟನ್ನು ಏರಿಸಿ ಇಳಿಸುವವರು ಬೇರೆ ಇದ್ದಾರೆ.

ಅಂಕಿಯಲ್ಲಿ ನೋಡುವುದಾದರೆ, ಅಂಟಿಸುವ ವೇಗ 1 ಮತ್ತು ಕೀಳುವ ವೇಗ 3 ಎಂದು ಊಹಿಸಿಕೊಳ್ಳಿ. ಆಗ ಫಾಸ್ಫೇಟ್ ಹೊತ್ತ ತಲೆಗಳು ನಾಲ್ಕರಲ್ಲಿ ಒಂದು, ಅಂದರೆ ನೂರಕ್ಕೆ 25. ಕ್ಯಾಲ್ಸಿಯಂ ಅನ್ನು ಮುಟ್ಟದೆ, ಕೀಳುವ ವೇಗವನ್ನು ಮಾತ್ರ 3ರಿಂದ 1ಕ್ಕೆ ಇಳಿಸಿದರೆ ಆ ಸಂಖ್ಯೆ 50 ಆಗುತ್ತದೆ. ಜೀವಕೋಶ ಇಷ್ಟು ಸರಳವಾಗಿಲ್ಲ. ಆದರೂ ಕಪ್ಪು ಹಲಗೆಯ ಮೇಲೆ ಇದನ್ನು ಬರೆದು ತೋರಿಸಿದಾಗ ತರಗತಿಗೆ ವಿಷಯ ಹಿಡಿಯುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಇನ್ನು ಗೇಟು ಇಳಿಸುವವರ ವಿಷಯ. ಫಾಸ್ಫಟೇಸ್ ಮೂರು ತುಂಡುಗಳ ಕಿಣ್ವ: ಒಂದು ಕತ್ತರಿಸುವ ತುಂಡು, ಅದನ್ನು ಮಯೋಸಿನ್ ಹತ್ತಿರಕ್ಕೆ ತಂದು ಕೂರಿಸುವ ಎಂವೈಪಿಟಿ1 ಎಂಬ ದೊಡ್ಡ ತುಂಡು, ಮತ್ತೊಂದು ಚಿಕ್ಕದು. ನಾರ್‌ಅಡ್ರಿನಲಿನ್‌ನಂಥ ಸಂದೇಶವಾಹಕ ಜೀವಕೋಶದ ಹೊರಪೊರೆಯಲ್ಲಿ ಸಂದೇಶ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಬಂದು ಕೂತಾಗ ಒಳಗೆ ಎರಡು ದಾರಿಗಳು ಒಟ್ಟಿಗೆ ತೆರೆಯುತ್ತವೆ. ಒಂದು ದಾರಿಯಲ್ಲಿ ಐಪಿ3 ಎಂಬ ಚಿಕ್ಕ ಅಣು ಹುಟ್ಟಿ, ಒಳಚೀಲದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಇನ್ನೊಂದು ದಾರಿಯಲ್ಲಿ ರೋಎ ಎಂಬ ಪುಟ್ಟ ಪ್ರೋಟೀನು ಎಚ್ಚೆತ್ತು ರೋ ಕೈನೇಸನ್ನು ಎಬ್ಬಿಸುತ್ತದೆ, ಅದು ಎಂವೈಪಿಟಿ1ರ ಮೇಲೆ ಫಾಸ್ಫೇಟ್ ಅಂಟಿಸಿ ಫಾಸ್ಫಟೇಸಿನ ಕೈ ಕಟ್ಟುತ್ತದೆ. ಇದೇ ಹೊತ್ತಿಗೆ ಪ್ರೋಟೀನ್ ಕೈನೇಸ್ ಸಿ ಎಂಬ ಮತ್ತೊಂದು ಕಿಣ್ವ ಸಿಪಿಐ-17 ಎಂಬ ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ಕೊಟ್ಟು, ಅದು ಹೋಗಿ ಕತ್ತರಿಸುವ ತುಂಡಿನ ಬಾಯಿಗೇ ಬೆಣೆಯಾಗಿ ಕೂಡುವಂತೆ ಮಾಡುತ್ತದೆ. ಹೀಗೆ ಕೀಳುವ ಕೈ ಎರಡೂ ಕಡೆಯಿಂದ ಕಟ್ಟಿಹೋದಾಗ, ಸ್ವಲ್ಪವೇ ಕ್ಯಾಲ್ಸಿಯಂ ಇದ್ದರೂ ಬಿಗಿತ ಉಳಿಯುತ್ತದೆ. ಇದನ್ನು ಕ್ಯಾಲ್ಸಿಯಂ ಸಂವೇದನೆಯ ಹೆಚ್ಚಳ ಎನ್ನುತ್ತಾರೆ.

ಇದು ಬರೀ ತರ್ಕವಲ್ಲ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಆಲ್ಫಾ ಟಾಕ್ಸಿನ್ನಿನಿಂದ ಜೀವಕೋಶದ ಪೊರೆಯಲ್ಲಿ ಸಣ್ಣ ರಂಧ್ರ ಕೊರೆದರೆ ಕ್ಯಾಲ್ಸಿಯಂನಂಥ ಚಿಕ್ಕ ಕಣಗಳು ಓಡಾಡುತ್ತವೆ, ಪ್ರೋಟೀನುಗಳು ಒಳಗೇ ಉಳಿಯುತ್ತವೆ, ಗ್ರಾಹಕಗಳೂ ಜೀವಂತವಾಗಿರುತ್ತವೆ. ಆಗ ಹೊರಗಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಅನ್ನು ಒಂದೇ ಮಟ್ಟದಲ್ಲಿ ಕಟ್ಟಿಹಾಕಿ ಔಷಧ ಹಾಕಿದರೆ, ಕ್ಯಾಲ್ಸಿಯಂ ಕಿಂಚಿತ್ತೂ ಬದಲಾಗದೆ ಬಿಗಿತ ಏರುವುದು ಕಾಣುತ್ತದೆ. 1997ರಲ್ಲಿ ಜಪಾನಿನ ಸಂಶೋಧಕರು ರೋ ಕೈನೇಸನ್ನು ತಡೆಯುವ ವೈ-27632 ಎಂಬ ರಾಸಾಯನಿಕವನ್ನು ರಕ್ತದೊತ್ತಡ ಹೆಚ್ಚಿರುವ ಇಲಿಗಳಿಗೆ ಕೊಟ್ಟು ಒತ್ತಡ ಇಳಿದದ್ದನ್ನು ತೋರಿಸಿದರು. ರೋ ಕೈನೇಸನ್ನೇ ತಡೆಯುವ ಫ್ಯಾಸುಡಿಲ್ ಎಂಬ ಔಷಧಕ್ಕೆ ಆ ದೇಶದಲ್ಲಿ 1995ರಲ್ಲಿಯೇ, ಮಿದುಳಿನ ರಕ್ತಸ್ರಾವದ ನಂತರ ರಕ್ತನಾಳಗಳು ಬಿಗಿದುಕೊಳ್ಳುವುದನ್ನು ತಡೆಯಲು ಅನುಮತಿ ಸಿಕ್ಕಿತ್ತು.

ನಾನು ಓದುವಾಗ ಹೊಗೆ ಹಿಡಿಸಿದ ಕಾಗದ ಸುತ್ತಿದ ಕೈಮೋಗ್ರಾಫಿನ ಡ್ರಮ್ಮಿನ ಮೇಲೆ ಗಿನಿಯಿಲಿಯ ಕರುಳಿನ ತುಂಡು ಗೆರೆ ಬರೆಯುವುದನ್ನು ನೋಡುತ್ತಿದ್ದೆವು. ಈಗ ಮಕ್ಕಳು ಕಂಪ್ಯೂಟರ್ ಪರದೆಯ ಮೇಲೆಯೇ ನೋಡುತ್ತಾರೆ. ಪ್ರಾಣಿಗಳಿಗೆ ಅದು ಒಳ್ಳೆಯದೇ. ಆದರೆ ಔಷಧವನ್ನು ತೊಳೆದ ಮೇಲೂ ಬರಹದ ಕಡ್ಡಿ ಕೆಳಗಿಳಿಯಲು ಹಟ ಹಿಡಿಯುವುದನ್ನು ಕಣ್ಣಾರೆ ನೋಡಿದವನಿಗೆ ತಮ್ಮ ವಿದ್ಯಾರ್ಥಿನಿಯ ಪ್ರಶ್ನೆ ತಾನಾಗಿಯೇ ಹುಟ್ಟುತ್ತಿತ್ತು.

ಉತ್ತರ 2: ಡಿ.ಫಾರ್ಮ್ ವಿದ್ಯಾರ್ಥಿ, ಬಾಗಲಕೋಟೆ

ಸರ್, ತಮ್ಮ ಉತ್ತರದಿಂದ ಬಹಳ ಉಪಕಾರವಾಯಿತು. ಒಂದು ಚಿಕ್ಕ ಸಂಶಯವಿದೆ. ಗೇಟು ಇಳಿಸುವವರ ಬಗ್ಗೆ ತಾವು ಬರೆದಿರಿ, ಏರಿಸುವವರು ಯಾರು? ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಕೂಡ ಕ್ಯಾಲ್ಸಿಯಂ ಇಳಿಸಿಯೇ ರಕ್ತನಾಳವನ್ನು ಸಡಿಲಿಸುತ್ತದೆಂದು ನಮ್ಮ ಪುಸ್ತಕದಲ್ಲಿದೆ. ಅದು ಪೂರ್ಣ ಸತ್ಯವೇ?

ಉತ್ತರ 3: ನಿವೃತ್ತ ಔಷಧಶಾಸ್ತ್ರ ಶಿಕ್ಷಕ, ಬೆಳಗಾವಿ

ಅರ್ಧ ಸತ್ಯ, ತಮ್ಮಾ. ನೈಟ್ರೋಗ್ಲಿಸರಿನ್ನಿನಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಜೀವಕೋಶದೊಳಗೆ ಸಿಜಿಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತದೆ, ಅದು ಪ್ರೋಟೀನ್ ಕೈನೇಸ್ ಜಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವ ಪೊಟ್ಯಾಸಿಯಂ ದಾರಿಗಳನ್ನು ತೆರೆದು, ಒಳಚೀಲದಿಂದ ಕ್ಯಾಲ್ಸಿಯಂ ಬಿಡುಗಡೆಯಾಗುವುದನ್ನು ತಗ್ಗಿಸಿ ಕ್ಯಾಲ್ಸಿಯಂ ಅನ್ನು ಇಳಿಸುವುದು ನಿಜ. ಅದರ ಜೊತೆಗೆ ಅದು ಎಂವೈಪಿಟಿ1ಕ್ಕೇ ಅಂಟಿಕೊಂಡು, ರೋ ಕೈನೇಸ್ ಫಾಸ್ಫೇಟ್ ಅಂಟಿಸುವ ಜಾಗದ ಪಕ್ಕದಲ್ಲಿಯೇ ತನ್ನ ಗುರುತು ಹಾಕಿ, ಆ ಜಾಗ ರೋ ಕೈನೇಸಿಗೆ ಸಿಗದಂತೆ ಮಾಡುತ್ತದೆ. ಬಸ್ಸಿನ ಸೀಟಿನ ಮೇಲೆ ಮೊದಲೇ ಟವೆಲ್ ಹಾಕಿದಂತೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಕ್ಕೆ ಸಂದೇಶವಾಹಕವೆಂದು ತೋರಿಸಿದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ಅಂಗಡಿಯಲ್ಲಿ ಕೂತಾಗ ನಿನಗೆ ಇನ್ನೊಂದು ಮಾತು ಉಪಯೋಗಕ್ಕೆ ಬರುತ್ತದೆ. ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಈ ಸಿಜಿಎಂಪಿಯನ್ನು ಒಡೆಯುವ ಕಿಣ್ವವನ್ನೇ ತಡೆಯುವುದರಿಂದ, ಅದನ್ನೂ ನೈಟ್ರೋಗ್ಲಿಸರಿನ್ನನ್ನೂ ಒಟ್ಟಿಗೆ ತೆಗೆದುಕೊಂಡವರ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸಂಕೋಚದಿಂದ ಹೇಳದೆ ಕೇಳುವ ಗಿರಾಕಿಯನ್ನು ಹೃದಯದ ಮಾತ್ರೆಯ ಬಗ್ಗೆ ನೀನೇ ವಿಚಾರಿಸಬೇಕು.

ಉತ್ತರ 4: ಸ್ತ್ರೀರೋಗ ಮತ್ತು ಹೆರಿಗೆ ವೈದ್ಯೆ, ಬಾಗಲಕೋಟೆ ಜಿಲ್ಲೆ

ಚರ್ಚೆ ಚೆನ್ನಾಗಿ ನಡೆದಿದೆ. ಮೂಲ ಪ್ರಶ್ನೆಯಲ್ಲಿ ಬೋಧಕಿಯವರು ರಕ್ತನಾಳ, ಗರ್ಭಕೋಶ, ಮೂತ್ರಕೋಶದ ಬಾಯಿ ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿದ್ದಾರೆ. ನರ್ಸಿಂಗ್ ಮಕ್ಕಳಿಗೆ ಹಾಗೆ ಕಲಿಸಬಾರದೆಂದು ನನ್ನ ವಿನಂತಿ. ಹೆರಿಗೆಯ ಗರ್ಭಕೋಶ ಅಲೆ ಅಲೆಯಾಗಿ ಬಿಗಿದು ಸಡಿಲಾಗುವ ಸ್ನಾಯು. ಪ್ರತಿಯೊಂದು ನೋವಿಗೂ ವಿದ್ಯುತ್ ಅಲೆ ಎದ್ದು, ಪೊರೆಯ ಕ್ಯಾಲ್ಸಿಯಂ ಬಾಗಿಲುಗಳು ತೆರೆದು, ಆ ಕ್ಯಾಲ್ಸಿಯಂ ಇಳಿದಂತೆ ನೋವೂ ಇಳಿಯುತ್ತದೆ. ಹಾಗಿಲ್ಲದಿದ್ದರೆ ಎರಡು ನೋವುಗಳ ನಡುವೆ ಮಗುವಿಗೆ ರಕ್ತವೇ ಸಿಗುತ್ತಿರಲಿಲ್ಲ. ಅವಧಿಗೆ ಮುಂಚೆ ಬಂದ ನೋವನ್ನು ತಡೆಯಲು ನಾವು ಕೊಡುವ ನಿಫೆಡಿಪಿನ್ ಮುಚ್ಚುವುದು ಇದೇ ಬಾಗಿಲುಗಳನ್ನು. ರಕ್ತನಾಳದ ಗೋಡೆ ಹಾಗಲ್ಲ, ಅದು ಸದಾ ಒಂದಿಷ್ಟು ಬಿಗಿತದಲ್ಲಿಯೇ ಬದುಕುತ್ತದೆ.

ಹೆರಿಗೆಯ ಕಸ (ಮಾಸು) ಬಿದ್ದ ಮೇಲೆ ಮಾತ್ರ ಗರ್ಭಕೋಶ ಗಟ್ಟಿಯಾಗಿ ಬಿಗಿದು ನಿಲ್ಲಬೇಕು, ಏಕೆಂದರೆ ಅಲ್ಲಿನ ರಕ್ತನಾಳಗಳು ಸ್ನಾಯುವಿನ ಎಳೆಗಳ ನಡುವೆಯೇ ಹಾದುಹೋಗುತ್ತವೆ. ಎಳೆಗಳು ಬಿಗಿದರೆ ನಾಳಗಳು ಹಿಂಡಿಕೊಂಡು ರಕ್ತ ನಿಲ್ಲುತ್ತದೆ. ಸ್ನಾಯು ಮೆತ್ತಗೆ ಉಳಿದರೆ ನಿಮಿಷಗಳಲ್ಲಿ ತಾಯಿ ಕೈತಪ್ಪುತ್ತಾಳೆ. ಆಗ ಕೊಡುವ ಆಕ್ಸಿಟೋಸಿನ್ ಗ್ರಾಹಕದಿಂದ ಐಪಿ3, ಅಲ್ಲಿಂದ ಕ್ಯಾಲ್ಸಿಯಂ ಎಂಬ ಅದೇ ದಾರಿಯನ್ನು ಹಿಡಿಯುತ್ತದೆ. ಅದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಅಲ್ಲದೆ ಹೆಚ್ಚು ಹೊತ್ತು ಕೊಡುತ್ತಿದ್ದರೆ ಗ್ರಾಹಕಗಳೇ ಕಿವುಡಾಗುತ್ತವೆ. ಇಡೀ ದಿನ ಆಕ್ಸಿಟೋಸಿನ್ ಹನಿಯ ಮೇಲೆ ನೋವು ತಿಂದ ಹೆಣ್ಣುಮಗಳ ಗರ್ಭಕೋಶ ಕೊನೆಯಲ್ಲಿ ಸೋತು ಮಲಗುವುದಕ್ಕೆ ಇದೂ ಒಂದು ಕಾರಣ. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸಿಗೆ ಕಿಣ್ವದ ಹೆಸರು ಮರೆತರೂ ನಡೆದೀತು, ಇದು ಮರೆಯಬಾರದು.

ಒಂದೇ ಯಂತ್ರ ದೇಹದ ಎಲ್ಲೆಡೆ ಇರುವುದರಿಂದಲೇ ನಮ್ಮ ಔಷಧಗಳ ನಿಷೇಧಗಳೂ ಹುಟ್ಟುತ್ತವೆ. ಮಿಥೈಲ್ ಎರ್ಗೋಮೆಟ್ರಿನ್ ಗರ್ಭಕೋಶವನ್ನು ಮಾತ್ರವಲ್ಲದೆ ರಕ್ತನಾಳಗಳನ್ನೂ ಬಿಗಿಯುತ್ತದೆ, ಆದ್ದರಿಂದ ಬಿಪಿ ಹೆಚ್ಚಿರುವ ಬಾಣಂತಿಗೆ ಅದು ಸಲ್ಲದು. ಕಾರ್ಬೋಪ್ರೋಸ್ಟ್ ಶ್ವಾಸನಾಳದ ಮೃದು ಸ್ನಾಯುವನ್ನೂ ಬಿಗಿಯುತ್ತದೆ, ಆದ್ದರಿಂದ ದಮ್ಮು ಇರುವವರಿಗೆ ಅದು ಸಲ್ಲದು. ಮಕ್ಕಳು ಇವನ್ನು ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ತಮ್ಮ ಟಿಪ್ಪಣಿಯಲ್ಲಿ ಕಾರಣವನ್ನು ಎರಡು ಸಾಲಿನಲ್ಲಿ ಬರೆದರೆ ಬಾಯಿಪಾಠದ ಅಗತ್ಯ ಬೀಳುವುದಿಲ್ಲ.

ನಮ್ಮದೇ ನೆಲದ ಒಂದು ಕೆಲಸವನ್ನೂ ಅವರಿಗೆ ಹೇಳಬೇಕು. ಆಕ್ಸಿಟೋಸಿನ್ ತಂಪಿನಲ್ಲಿ ಇಡಬೇಕಾದ ಚುಚ್ಚುಮದ್ದು. ಕರೆಂಟು ನಂಬುವಂತಿಲ್ಲದ ಹಳ್ಳಿಯ ಉಪಕೇಂದ್ರಕ್ಕೆ ಅದು ಕಷ್ಟ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಸಹಭಾಗಿಯಾಗಿದ್ದ ಒಂದು ಅಧ್ಯಯನದಲ್ಲಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಹೆರಿಗೆಯಾದೊಡನೆ ಎಎನ್‌ಎಂ ಸಿಸ್ಟರುಗಳು ಗರ್ಭಕೋಶವನ್ನು ಬಿಗಿಯುವ, ತಂಪಿನಲ್ಲಿ ಇಡಬೇಕಿಲ್ಲದ ಮಿಸೋಪ್ರೋಸ್ಟಾಲ್ ಮಾತ್ರೆಯನ್ನು 600 ಮೈಕ್ರೋಗ್ರಾಂ ನುಂಗಿಸಿದರು, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ ಕೊಟ್ಟರು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮಾತ್ರೆ ನುಂಗಿದ ಕೆಲವರಿಗೆ ಚಳಿ ನಡುಕ, ಜ್ವರ ಬರುತ್ತದೆ. ಅದನ್ನು ಮೊದಲೇ ಹೇಳಿಟ್ಟರೆ ಮನೆಯವರು ಗಾಬರಿಯಾಗುವುದಿಲ್ಲ.

ಉತ್ತರ 5: ಶರೀರಕ್ರಿಯಾಶಾಸ್ತ್ರದ ಬೋಧಕಿ, ವಿಜಯಪುರ

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರ್ ಮೇಡಂ ಅವರ ಮಾತಿನಂತೆ ಗರ್ಭಕೋಶವನ್ನು ಬೇರೆ ಪುಟಕ್ಕೆ ಸರಿಸಿದ್ದೇನೆ. ಬೆಳಗಾವಿಯ ಸರ್ ಅವರಿಗೆ ಇನ್ನೊಂದು ಪ್ರಶ್ನೆ. ಒಂದು ಪುಸ್ತಕದಲ್ಲಿ, ಬಿಗಿತ ಹಾಗೆಯೇ ಇದ್ದರೂ ಮಯೋಸಿನ್ ಮೇಲಿನ ಫಾಸ್ಫೇಟ್ ಕೂಡ ಇಳಿದಿರುತ್ತದೆಂದೂ, ಅದನ್ನು ‘ಲ್ಯಾಚ್’ ಸ್ಥಿತಿ ಎನ್ನುತ್ತಾರೆಂದೂ ಇದೆ. ತಾವು ಹೇಳಿದಂತೆ ಫಾಸ್ಫಟೇಸಿನ ಕೈ ಕಟ್ಟಿದ್ದರೆ ಫಾಸ್ಫೇಟ್ ಇಳಿಯಬಾರದಲ್ಲವೇ? ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತವೆ?

ಟಿಪ್ಪಣಿಯ ಕರಡಿನಿಂದ ಒಂದು ವಾಕ್ಯವನ್ನೂ ಇಲ್ಲಿ ಇಡುತ್ತೇನೆ, ತಿದ್ದಿಕೊಡಿ: ‘ಕೈನೇಸ್ ಸಂಕೋಚನವನ್ನು ಆರಂಭಿಸುತ್ತದೆ, ಸಂಕೋಚನ ಮುಗಿದ ಮೇಲೆ ಫಾಸ್ಫಟೇಸ್ ಬಂದು ಸ್ನಾಯುವನ್ನು ಸಡಿಲಿಸುತ್ತದೆ.’

ಉತ್ತರ 6: ನಿವೃತ್ತ ಔಷಧಶಾಸ್ತ್ರ ಶಿಕ್ಷಕ, ಬೆಳಗಾವಿ

ತಾವು ಸರಿಯಾದ ಜಾಗದಲ್ಲಿಯೇ ಹಿಡಿದಿದ್ದೀರಿ. ಅದಕ್ಕೆ ಕನ್ನಡದಲ್ಲಿ ಅಗಳಿ ಸ್ಥಿತಿ ಎನ್ನೋಣ. ಬಾಗಿಲನ್ನು ಕೈಯಿಂದ ಒತ್ತಿ ಹಿಡಿಯುವವನಿಗೆ ತೋಳು ಸೋಲುತ್ತದೆ, ಅಗಳಿ ಹಾಕಿದವನಿಗೆ ಸೋಲುವುದಿಲ್ಲ. 1981ರಲ್ಲಿ ಮರ್ಫಿ ಮತ್ತು ಸಂಗಡಿಗರು ಹಂದಿಯ ಕತ್ತಿನ ರಕ್ತನಾಳದಲ್ಲಿ ಇದನ್ನು ಕಂಡರು: ಮೊದಲು ಫಾಸ್ಫೇಟ್ ಏರುತ್ತದೆ, ಸ್ನಾಯು ವೇಗವಾಗಿ ಎಳೆಯುತ್ತದೆ, ಆಮೇಲೆ ಫಾಸ್ಫೇಟ್ ಇಳಿಯುತ್ತದೆ, ಎಳೆಯುವ ವೇಗವೂ ಇಳಿಯುತ್ತದೆ, ಹಿಡಿತ ಮಾತ್ರ ಸಡಿಲವಾಗುವುದಿಲ್ಲ. 1988ರಲ್ಲಿ ಹೈ ಮತ್ತು ಮರ್ಫಿ ಕೊಟ್ಟ ವಿವರಣೆಯ ಪ್ರಕಾರ, ಆಕ್ಟಿನ್ ಎಳೆಯನ್ನು ಹಿಡಿದಿರುವಾಗಲೇ ಮಯೋಸಿನ್ ತಲೆಯ ಫಾಸ್ಫೇಟ್ ಕಿತ್ತುಹೋದರೆ ಆ ತಲೆ ಬಹಳ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಹಿಡಿದೇ ಇರುವ ತಲೆಗೆ ಎಟಿಪಿ, ಅಂದರೆ ಜೀವಕೋಶದ ಇಂಧನ, ಖರ್ಚಾಗುವುದು ಕಡಿಮೆ. ಅಷ್ಟೇ ಬಿಗಿತವನ್ನು ಹಿಡಿದಿಡಲು ಮೃದು ಸ್ನಾಯುವಿಗೆ ಎಲುಬಿನ ಸ್ನಾಯುವಿನ ಹತ್ತನೆಯ ಒಂದರಿಂದ ಮುನ್ನೂರನೆಯ ಒಂದರಷ್ಟು ಶಕ್ತಿ ಸಾಕೆಂದು ಪಠ್ಯಗಳು ಹೇಳುವುದರ ಹಿಂದೆ, ಅದರ ಮಯೋಸಿನ್ನಿನ ನಿಧಾನ ಸ್ವಭಾವದ ಜೊತೆಗೆ ಇದೂ ಇದೆ. ಮೃದು ಎಂಬ ಹೆಸರು ಕೇಳಿ ಮಕ್ಕಳು ಅದನ್ನು ದುರ್ಬಲವೆಂದುಕೊಳ್ಳುತ್ತಾರೆ. ಜಿಪುಣ ಸ್ನಾಯು ಎಂದಿದ್ದರೆ ಹೆಚ್ಚು ಒಪ್ಪುತ್ತಿತ್ತು.

ಈ ವಿವರಣೆಯಲ್ಲಿ ಅಗಳಿ ಬೀಳುವುದಕ್ಕೇ ಫಾಸ್ಫಟೇಸ್ ಬೇಕು ಎಂಬುದನ್ನು ಗಮನಿಸಿ. ರೋ ಕೈನೇಸ್ ಅದರ ಕೈಯನ್ನು ಪೂರ್ತಿ ಕಟ್ಟುವುದಿಲ್ಲ, ನಿಧಾನಗೊಳಿಸುತ್ತದೆ; ಇಳಿದ ಕ್ಯಾಲ್ಸಿಯಂ ಕೈನೇಸನ್ನೂ ನಿಧಾನಗೊಳಿಸಿರುತ್ತದೆ. ಎರಡೂ ತಗ್ಗಿದ ಆ ಹಂತದಲ್ಲಿ ಫಾಸ್ಫೇಟ್ ಕಡಿಮೆಯಾಗಿದ್ದರೂ ಸೊನ್ನೆಯಾಗಿರುವುದಿಲ್ಲ, ಸೊನ್ನೆಯಾದರೆ ಅಗಳಿಗಳೂ ಒಂದೊಂದಾಗಿ ಕಳಚುತ್ತವೆ. ಕ್ಯಾಲ್ಡೆಸ್ಮಾನ್, ಕ್ಯಾಲ್ಪೊನಿನ್ ಎಂಬ ಆಕ್ಟಿನ್ ಪ್ರೋಟೀನುಗಳ ಪಾಲೂ ಇದರಲ್ಲಿದೆಯೆಂದು ವಾದಿಸುವವರಿದ್ದಾರೆ, ಹೈ ಮತ್ತು ಮರ್ಫಿಯವರ ಮಾದರಿಯನ್ನು ಎಲ್ಲರೂ ಒಪ್ಪಿಯೂ ಇಲ್ಲ. ನರ್ಸಿಂಗ್ ಮೊದಲ ವರ್ಷಕ್ಕೆ ಆ ಜಗಳ ಬೇಡ.

ತಮ್ಮ ವಾಕ್ಯದಲ್ಲಿ ‘ಸಂಕೋಚನ ಮುಗಿದ ಮೇಲೆ’ ಎಂಬ ಮೂರು ಪದಗಳನ್ನು ತೆಗೆಯಿರಿ. ಫಾಸ್ಫಟೇಸ್ ಸರದಿಗಾಗಿ ಹೊರಗೆ ಕಾದು ಕೂತಿರುವುದಿಲ್ಲ, ಸ್ನಾಯು ಬಿಗಿದಿರುವಾಗಲೂ ಕೀಳುತ್ತಲೇ ಇರುತ್ತದೆ. ಚಿತ್ರ ಬರೆಯುವಾಗ ಕೈನೇಸಿನ ಬಾಣ ಮತ್ತು ಫಾಸ್ಫಟೇಸಿನ ಬಾಣ ಎರಡನ್ನೂ ಒಂದೇ ಮಯೋಸಿನ್ ತಲೆಯ ಎಡಬಲಕ್ಕೆ, ಒಂದೇ ದಪ್ಪದಲ್ಲಿ ಬರೆಯಿರಿ. ಎಡಗಡೆಯದರ ಮೇಲೆ ಕ್ಯಾಲ್ಸಿಯಂ, ಬಲಗಡೆಯದರ ಮೇಲೆ ರೋ ಕೈನೇಸ್ ಎಂದು ಬರೆದು, ಮುಂದಿನ ತರಗತಿಯಲ್ಲಿ ಹಿಂದಿನ ಬೆಂಚಿನ ಆ ಹುಡುಗಿಯನ್ನೇ ಹಲಗೆಯ ಹತ್ತಿರ ಕರೆದು ವಿವರಿಸಲು ಹೇಳಿ.